ಒಂದು ಹಳ್ಳಿ ಕಾಪಾಡಿಕೊಂಡ ಶಿಲ್ಪಿಯ ಮನೆ

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ಇಟಲಿ ದೇಶದ ಈಶಾನ್ಯ ಭಾಗದಲ್ಲಿ, ಗ್ರಾಪ್ಪಾ ಎಂಬ ಬೆಟ್ಟದ ತಪ್ಪಲಿನಲ್ಲಿ ಪೊಸ್ಸಾನ್ಯೊ ಎಂಬ ಹಳ್ಳಿಯಿದೆ. ಜನಸಂಖ್ಯೆ ಸುಮಾರು ಎರಡು ಸಾವಿರ. ನಮ್ಮ ಹೋಬಳಿಯ ಒಂದು ದೊಡ್ಡ ಹಳ್ಳಿಯಷ್ಟು. ವೆನಿಸ್ ನಗರದಿಂದ ಅಲ್ಲಿಗೆ ರಸ್ತೆಯಲ್ಲಿ ಒಂದೂವರೆ ಗಂಟೆಯ ದಾರಿ. ಆ ಹಳ್ಳಿಯಲ್ಲಿ ಕಲ್ಲುಕುಟಿಗರ ಕುಟುಂಬವೊಂದು ವಾಸವಾಗಿದ್ದ ಹಳೆಯ ಮನೆಯೊಂದಿದೆ. ಇಂದಿಗೂ ಯುರೋಪಿನ ನಾನಾ ದೇಶಗಳಿಂದ ಜನ ಅದನ್ನು ನೋಡಲು ಬರುತ್ತಾರೆ. 1757ರ ನವೆಂಬರ್ 1ರಂದು ಆ ಮನೆಯಲ್ಲಿ ಹುಟ್ಟಿದ ಮಗು ಮುಂದೆ ಆಂಟೋನಿಯೊ ಕನೋವಾ ಎಂಬ ಹೆಸರಿನಿಂದ ತನ್ನ ಕಾಲದ ಅತ್ಯಂತ ಪ್ರಸಿದ್ಧ ಶಿಲ್ಪಿಯಾಯಿತು.

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ನಾವೆಲ್ಲ ಮೈಕೆಲೆಂಜಲೊ ಹೆಸರನ್ನು ಓದಿದ್ದೇವೆ. ಕನೋವಾ ಅವನಿಗಿಂತ ಸುಮಾರು ಮುನ್ನೂರು ವರ್ಷ ಈಚಿನವನು; ನೆಪೋಲಿಯನ್ನನ ಸಮಕಾಲೀನ. ನಮ್ಮ ಪಠ್ಯಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಅವನ ಕಲೆಯಷ್ಟೇ ನನ್ನ ಗಮನ ಸೆಳೆದದ್ದು ಅವನ ವಸ್ತುಗಳನ್ನು ಅವನ ಊರು ಉಳಿಸಿಕೊಂಡ ಬಗೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದಕ್ಕಿಂತ ಸೂಕ್ತವಾದ ವಿಷಯ ನನಗೆ ತೋಚಲಿಲ್ಲ. ಯಾಕೆಂಬುದು ಲೇಖನದ ಕೊನೆಗೆ ತಿಳಿಯುತ್ತದೆ.

ಕಲ್ಲುಕುಟಿಗರ ಮೊಮ್ಮಗ

ಕನೋವಾನ ತಂದೆ ಪಿಯೆತ್ರೊ ಕಲ್ಲು ಕೆಲಸದವನು. ಮಗನಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ, 1761ರಲ್ಲಿ, ತೀರಿಕೊಂಡನು. ತಾಯಿ ಆಂಜೆಲಾ ಮರುಮದುವೆಯಾಗಿ ಪಕ್ಕದ ಊರಿಗೆ ಹೋದಳು. ಹುಡುಗ ಅಜ್ಜನ ಮನೆಯಲ್ಲೇ ಉಳಿದನು. ಅಜ್ಜ ಪಾಸಿನೊ ಕೂಡ ಕಲ್ಲುಕುಟಿಗ. ಸುತ್ತಿಗೆ, ಉಳಿ, ಚಾಣಗಳೇ ಮೊಮ್ಮಗನ ಆಟಿಕೆಗಳಾದವು. ಊರಿನ ಶ್ರೀಮಂತರ ಮನೆಯ ಔತಣವೊಂದರಲ್ಲಿ ಈ ಹುಡುಗ ಬೆಣ್ಣೆಯ ಮುದ್ದೆಯಲ್ಲಿ ಸಿಂಹ ಕೆತ್ತಿ ಎಲ್ಲರನ್ನೂ ಬೆರಗುಗೊಳಿಸಿದ ಎಂಬ ಕತೆಯನ್ನು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ಕತೆ ಹೇಗೇ ಇರಲಿ, ಹನ್ನೊಂದರ ಹರೆಯಕ್ಕೇ ಅವನು ಹತ್ತಿರದ ಊರಿನ ಜುಸೆಪ್ಪೆ ಬರ್ನಾರ್ದಿ ಎಂಬ ಶಿಲ್ಪಿಯ ಬಳಿ ಕೆಲಸ ಕಲಿಯಲು ಸೇರಿದ್ದಂತೂ ನಿಜ.

ಅಲ್ಲಿಂದ ವೆನಿಸ್, ವೆನಿಸಿನಿಂದ ರೋಮ್. ಇಬ್ಬರು ಪೋಪರ ಸಮಾಧಿ ಸ್ಮಾರಕಗಳನ್ನು ಕೆತ್ತುವ ಕೆಲಸ ಸಿಕ್ಕಿತು. ಒಂದು 1787ರಲ್ಲಿ, ಇನ್ನೊಂದು 1792ರಲ್ಲಿ ಮುಗಿಯಿತು. ಅಲ್ಲಿಂದಾಚೆಗೆ ರಾಜರು, ಚಕ್ರವರ್ತಿಗಳು ಅವನ ಶಿಲ್ಪಗಳಿಗಾಗಿ ಸರದಿಯಲ್ಲಿ ಕಾಯತೊಡಗಿದರು. ನೆಪೋಲಿಯನ್ನನನ್ನು ರೋಮನ್ನರ ಯುದ್ಧದೇವತೆಯ ರೂಪದಲ್ಲಿ ಕೆತ್ತಿದನು; ಆ ಮೂರ್ತಿ ಈಗ ಲಂಡನ್ನಿನಲ್ಲಿದೆ. ನೆಪೋಲಿಯನ್ನನ ತಂಗಿ ಪಾವೊಲೀನಾ ಮಂಚದ ಮೇಲೆ ಒರಗಿ ಕುಳಿತ ಅಮೃತಶಿಲೆಯ ಮೂರ್ತಿ ರೋಮಿನಲ್ಲಿದೆ. ಇನ್ನೂ ಹಲವು ಶಿಲ್ಪಗಳು ಪ್ಯಾರಿಸ್, ವಿಯೆನ್ನಾ, ಸೇಂಟ್ ಪೀಟರ್ಸ್‌ಬರ್ಗ್ ಸೇರಿವೆ. ಒಟ್ಟಿನಲ್ಲಿ ಅವನು ಕೆತ್ತಿದ ಅಮೃತಶಿಲೆಗಳೆಲ್ಲ ಕೊಂಡವರ ಮನೆ ಸೇರಿದವು. ಆ ದುಬಾರಿ ಮೂರ್ತಿಗಳಲ್ಲಿ ಒಂದನ್ನು ಕೊಳ್ಳುವ ಶಕ್ತಿಯೂ ಹುಟ್ಟೂರಿಗೆ ಇರಲಿಲ್ಲ. ಆದರೂ ಅವನ ಕೆಲಸವನ್ನು ಒಂದೇ ಸೂರಿನಡಿ ನೋಡಬೇಕೆನ್ನುವವರು ಇಂದು ಹೋಗಬೇಕಾದದ್ದು ಆ ಹಳ್ಳಿಗೇ. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಅವನು ಮೂರ್ತಿ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ನೋಡಬೇಕು.

ಪ್ಲಾಸ್ಟರಿನ ಮೇಲಿನ ಕಪ್ಪು ಚುಕ್ಕೆಗಳು

ಕನೋವಾ ನೇರವಾಗಿ ಕಲ್ಲಿಗೆ ಉಳಿ ಹಚ್ಚುತ್ತಿರಲಿಲ್ಲ. ಮೊದಲು ಕಾಗದದ ಮೇಲೆ ಚಿತ್ರ, ಆಮೇಲೆ ಅಂಗೈ ಅಗಲದ ಜೇಡಿಮಣ್ಣಿನ ಗೊಂಬೆ. ಅದು ಒಪ್ಪಿಗೆಯಾದರೆ, ಮೂರ್ತಿ ಎಷ್ಟು ದೊಡ್ಡದಾಗಬೇಕೋ ಅಷ್ಟೇ ಗಾತ್ರದಲ್ಲಿ ಮತ್ತೆ ಜೇಡಿಮಣ್ಣಿನಲ್ಲಿ ಮಾಡುತ್ತಿದ್ದನು. ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಬಹುಕಾಲ ನಿಲ್ಲುವುದಿಲ್ಲ. ಆದ್ದರಿಂದ ಅದರ ಮೇಲೆ ಅಚ್ಚು ತೆಗೆದು, ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಬಿಳಿಯ ಪ್ರತಿಯೊಂದನ್ನು ಎರಕ ಹೊಯ್ಯುತ್ತಿದ್ದರು. ಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ಹಾಕುತ್ತಾರಲ್ಲ, ಅದೇ ಜಾತಿಯ ಪ್ಲಾಸ್ಟರ್.

ಈ ಬಿಳಿ ಮೂರ್ತಿಯ ಮೈಮೇಲೆ ಮೂಗಿನ ತುದಿ, ಭುಜ, ಮೊಣಕಾಲು, ಬಟ್ಟೆಯ ಮಡಿಕೆ ಹೀಗೆ ಮುಖ್ಯವಾದ ಕಡೆಗಳಲ್ಲೆಲ್ಲ ಕಂಚಿನ ಚಿಕ್ಕ ಚಿಕ್ಕ ಮೊಳೆಗಳನ್ನು ಕೂರಿಸುತ್ತಿದ್ದರು. ಮೇಲೊಂದು ಚೌಕಟ್ಟು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವಂತೆ, ಆ ಚೌಕಟ್ಟಿನಿಂದ ತೂಕದ ಗುಂಡುಗಳನ್ನು ಇಳಿಬಿಡುತ್ತಿದ್ದರು. ಅಂಥದೇ ಇನ್ನೊಂದು ಚೌಕಟ್ಟು ಪಕ್ಕದಲ್ಲಿದ್ದ ಅಮೃತಶಿಲೆಯ ದಿಮ್ಮಿಯ ಮೇಲೆ. ಒಂದು ಮೊಳೆ ದಾರದಿಂದ ಎಷ್ಟು ಒಳಗಿದೆ, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಕೈವಾರದಿಂದ ಅಳೆದು, ಅದೇ ಅಳತೆಗೆ ಕಲ್ಲನ್ನು ಕೊರೆಯುತ್ತಿದ್ದರು. ಹೀಗೆ ಒಂದೊಂದೇ ಬಿಂದುವನ್ನು ಕಲ್ಲಿಗೆ ದಾಟಿಸುವುದು ಸಹಾಯಕರ ಕೆಲಸ. ಆಕಾರ ಹತ್ತಿರ ಹತ್ತಿರ ಬಂದ ಮೇಲೆ ಕನೋವಾ ತಾನೇ ಉಳಿ, ಅರ ಹಿಡಿದು ಮೈಯ ನಯವನ್ನು ತೀಡುತ್ತಿದ್ದನು. ಚರ್ಮದ ಏರಿಳಿತ ಚೆನ್ನಾಗಿ ಕಾಣಲೆಂದು ಎಷ್ಟೋ ಸಲ ಮೇಣದಬತ್ತಿಯ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದನಂತೆ.

ನನ್ನ ಉದ್ಯೋಗ ಸಾಫ್ಟ್‌ವೇರ್ ಆದ್ದರಿಂದ ಒಂದು ಮಾತು. ಗ್ರಾಹಕನ ಕೈಗೆ ಹೋಗುವುದು ನಾವು ತಯಾರಿಸಿದ ಪ್ರೋಗ್ರಾಂ. ನಮ್ಮಲ್ಲಿ ಉಳಿಯುವುದು ಅದರ ಸೋರ್ಸ್ ಕೋಡ್. ಪ್ರೋಗ್ರಾಂ ಕೆಟ್ಟರೆ ಸೋರ್ಸ್ ಕೋಡಿನಿಂದ ಮತ್ತೆ ಮಾಡಬಹುದು. ಕನೋವಾನ ಅಮೃತಶಿಲೆಗಳು ಗ್ರಾಹಕರಿಗೆ ಹೋದವು. ಮೊಳೆ ಹೊಡೆದ ಪ್ಲಾಸ್ಟರುಗಳು ರೋಮಿನ ಕಾರ್ಯಾಗಾರದಲ್ಲಿ ಉಳಿದವು. ನೋಡುವವರಿಗೆ ಅವು ಕೆಲಸ ಮುಗಿದ ಮೇಲಿನ ಅಚ್ಚುಗಳು, ಜಾಗ ತಿನ್ನುವ ಸಾಮಾನು. ಶಿಲ್ಪಿಯ ಕೈ ಮೊದಲು ಯೋಚಿಸಿದ್ದೆಲ್ಲ ಇದ್ದದ್ದು ಮಾತ್ರ ಅವುಗಳಲ್ಲೇ.

ಮನೆಗೆ ಮರಳಿದ ಸಾಮಾನು

ಕನೋವಾ ಸ್ವತಃ ಬೇರೆಯವರ ವಸ್ತುಗಳನ್ನು ಅವುಗಳ ಊರಿಗೆ ಮರಳಿಸಿದವನು. ನೆಪೋಲಿಯನ್ನನ ಸೈನ್ಯ ಇಟಲಿಯನ್ನು ಗೆದ್ದಾಗ ಅಲ್ಲಿನ ಪ್ರಾಚೀನ ಶಿಲ್ಪಗಳನ್ನೂ ಚಿತ್ರಗಳನ್ನೂ ಗಾಡಿಗಟ್ಟಲೆ ಪ್ಯಾರಿಸ್ಸಿಗೆ ಸಾಗಿಸಿತ್ತು. 1815ರಲ್ಲಿ ನೆಪೋಲಿಯನ್ ಸೋತ ಬಳಿಕ ಪೋಪ್ ಏಳನೇ ಪಯಸ್ ಅವುಗಳನ್ನು ವಾಪಸು ತರಲು ಕನೋವಾನನ್ನೇ ಕಳುಹಿಸಿದರು. ಎಲ್ಲವೂ ಸಿಗಲಿಲ್ಲ, ಆದರೆ ಲಾವೊಕೂನ್, ಅಪೊಲೊ ಮುಂತಾದ ಪ್ರಸಿದ್ಧ ಶಿಲ್ಪಗಳು ರೋಮಿಗೆ ಮರಳಿದವು. ಇದಕ್ಕಾಗಿ ಪೋಪ್ ಅವನಿಗೆ ಬಿರುದನ್ನೂ ವರ್ಷಕ್ಕೆ 3000 ಸ್ಕೂಡಿ ನಾಣ್ಯಗಳ ವೇತನವನ್ನೂ ಕೊಟ್ಟರು. ಆ ಹಣವನ್ನು ಅವನು ಕಲಾವಿದರಿಗೂ ಕಲಾ ಸಂಸ್ಥೆಗಳಿಗೂ ಮೀಸಲಿಟ್ಟನು.

ತನ್ನ ಸಂಪಾದನೆಯ ದೊಡ್ಡ ಪಾಲನ್ನು ಅವನು ಹುಟ್ಟೂರಿನ ಚರ್ಚಿಗೆ ಸುರಿದನು. 1819ರ ಜುಲೈ 11ರಂದು ಅದಕ್ಕೆ ಅಡಿಗಲ್ಲು ಬಿತ್ತು. ಮುಂದೆ ಗ್ರೀಕ್ ದೇವಾಲಯದಂಥ ಕಂಬಗಳ ಸಾಲು, ಹಿಂದೆ ರೋಮಿನ ಪ್ಯಾಂಥಿಯನ್ನಿನಂಥ ಗುಮ್ಮಟ. ಅದು ಮುಗಿದದ್ದು 1830ರಲ್ಲಿ. ಕಟ್ಟಿಸಿದವನಿಗೆ ಅದನ್ನು ನೋಡುವ ಭಾಗ್ಯ ಇರಲಿಲ್ಲ. 1822ರ ಅಕ್ಟೋಬರ್ 13ರಂದು ಕನೋವಾ ವೆನಿಸಿನಲ್ಲಿ ತೀರಿಕೊಂಡನು. ಅವನ ಹೃದಯವನ್ನು ವೆನಿಸಿನ ಫ್ರಾರಿ ಚರ್ಚಿನಲ್ಲಿ ಇರಿಸಿಕೊಂಡರು. ದೇಹ ಹುಟ್ಟೂರಿಗೆ ಬಂದು, ಅವನೇ ಕಟ್ಟಿಸುತ್ತಿದ್ದ ಚರ್ಚಿನಲ್ಲಿ ನೆಲೆ ನಿಂತಿತು.

ಉಳಿದದ್ದು ರೋಮಿನ ಕಾರ್ಯಾಗಾರದ ಸಾಮಾನು. ಇಲ್ಲಿ ಒಬ್ಬನ ಹೆಸರನ್ನು ಹೇಳಲೇಬೇಕು: ಜೊವಾನ್ನಿ ಬಾತಿಸ್ತಾ ಸಾರ್ಟೋರಿ. ತಾಯಿ ಆಂಜೆಲಾಳ ಎರಡನೇ ಮದುವೆಯಲ್ಲಿ ಹುಟ್ಟಿದ ಮಗ, ಪಾದ್ರಿಯಾಗಿದ್ದವನು. ವರ್ಷಗಟ್ಟಲೆ ಅಣ್ಣನ ಪತ್ರವ್ಯವಹಾರ ನೋಡಿಕೊಂಡು ಜೊತೆಗಿದ್ದವನು. ಪ್ಯಾರಿಸ್ಸಿಗೂ ಜೊತೆಯಲ್ಲಿ ಹೋಗಿದ್ದವನು. ಅಣ್ಣ ಸತ್ತ ಮೇಲೆ ಪ್ಲಾಸ್ಟರುಗಳನ್ನು ರೋಮಿನಲ್ಲೇ ವಿಲೇವಾರಿ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ. 1829ರಲ್ಲಿ ಅವನ್ನೆಲ್ಲ ಹಡಗಿಗೇರಿಸಿ, ಇಟಲಿಯ ಕರಾವಳಿಯನ್ನು ಸುತ್ತಿಸಿ ವೆನಿಸ್ ಕಡೆಗೆ ತಂದು, ಅಲ್ಲಿಂದ ಗಾಡಿಗಳಲ್ಲಿ ಪೊಸ್ಸಾನ್ಯೊಗೆ ಸಾಗಿಸಿದನು. ತಟ್ಟಿದರೆ ಮುಕ್ಕಾಗುವ ಆಳೆತ್ತರದ ಪ್ಲಾಸ್ಟರ್ ಮೂರ್ತಿಗಳನ್ನು ಆ ಕಾಲದ ರಸ್ತೆಗಳಲ್ಲಿ ಸಾಗಿಸುವುದು ಎಂಥ ಕೆಲಸವೆಂದು ಗಣಪತಿಯನ್ನು ಟ್ರ್ಯಾಕ್ಟರಿನಲ್ಲಿ ತಂದವರು ಊಹಿಸಬಲ್ಲರು.

ಹುಟ್ಟಿದ ಮನೆಯ ಪಕ್ಕದಲ್ಲೇ, ವೆನಿಸಿನ ವಾಸ್ತುಶಿಲ್ಪಿ ಫ್ರಾಂಚೆಸ್ಕೊ ಲಝಾರಿ 1834ರಿಂದ 1836ರ ಅವಧಿಯಲ್ಲಿ ಒಂದು ದೊಡ್ಡ ಹಜಾರ ಕಟ್ಟಿದನು. ಕಮಾನಿನ ಛಾವಣಿ, ಅದರಲ್ಲಿ ಬೆಳಕಿಂಡಿಗಳು. ಮೇಲಿನಿಂದ ಇಳಿಯುವ ಬೆಳಕಿನಲ್ಲಿ ಮೂರ್ತಿಗಳ ಸಾಲು. ಇದಕ್ಕೆ ಜಿಪ್ಸೊಟೆಕಾ, ಅಂದರೆ ಪ್ಲಾಸ್ಟರಿನ ಭಂಡಾರ ಎಂದು ಹೆಸರು.

ಮನೆಯೂ ಉಳಿದಿದೆ. ಅಲ್ಲಿ ಅವನ ಉಳಿ ಮುಂತಾದ ಉಪಕರಣಗಳು, ಉಡುಪು, ರೇಖಾಚಿತ್ರಗಳು, ಶಿಲ್ಪಗಳ ಮುದ್ರಿತ ಚಿತ್ರಗಳು ಇವೆ. ಶಿಲ್ಪಿಯೆಂದು ಹೆಸರಾದವನು ಬಿಡಿಸಿದ ವರ್ಣಚಿತ್ರಗಳೂ ಇವೆ. 1798ರಲ್ಲಿ ಫ್ರೆಂಚ್ ಸೈನ್ಯ ರೋಮಿಗೆ ನುಗ್ಗಿದಾಗ ಕನೋವಾ ಊರಿಗೆ ಬಂದು ಉಳಿದನು. ಆ ಬಿಡುವಿನಲ್ಲಿ ಕುಂಚ ಹಿಡಿದು ನರ್ತಕಿಯರ ಚಿತ್ರಗಳನ್ನು ಬರೆದನು. ಲೋಕವೆಲ್ಲ ಹೊಗಳಿದ ಶಿಲ್ಪಿಗೂ ತೊಂದರೆ ಬಂದಾಗ ನೆನಪಾದದ್ದು ಅಜ್ಜನ ಮನೆ.

ಸುಟ್ಟುಹೋದ ವಾಷಿಂಗ್ಟನ್

ಈ ಭಂಡಾರದ ಬೆಲೆ ತಿಳಿಯಲು ಅಮೆರಿಕದ ಒಂದು ಘಟನೆ ಸಾಕು. ಉತ್ತರ ಕೆರೊಲಿನಾ ರಾಜ್ಯದವರು ತಮ್ಮ ರಾಜಧಾನಿ ರಾಲಿಯ ಶಾಸನಸಭೆಗೆ ಜಾರ್ಜ್ ವಾಷಿಂಗ್ಟನ್ನನ ಮೂರ್ತಿ ಬೇಕೆಂದು ನಿರ್ಧರಿಸಿ, ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಸಲಹೆ ಕೇಳಿದರು. ಕನೋವಾನಿಂದಲೇ ಮಾಡಿಸಿ, ಉಡುಪು ರೋಮನ್ ಶೈಲಿಯಲ್ಲಿರಲಿ ಎಂದು ಅವನು ಹೇಳಿದನು. ಕನೋವಾ ವಾಷಿಂಗ್ಟನ್ನನನ್ನು ಕಂಡವನಲ್ಲ. ಬೇರೊಬ್ಬ ಶಿಲ್ಪಿ ಮಾಡಿದ್ದ ಮುಖಪ್ರತಿಮೆಯನ್ನು ನೋಡಿಕೊಂಡು ಕೆಲಸ ಮಾಡಿದನು. 1821ರ ಕೊನೆಗೆ ಮೂರ್ತಿ ರಾಲಿ ತಲುಪಿತು.

ಹತ್ತು ವರ್ಷ ತುಂಬುವುದರೊಳಗೆ, 1831ರ ಜೂನ್ 21ರಂದು ಆ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿ ತಗುಲದಿರಲೆಂದು ಛಾವಣಿಗೆ ಸತುವಿನ ತಗಡು ಹೊದಿಸುವ ಕೆಲಸ ನಡೆಯುತ್ತಿತ್ತು. ಬೆಸುಗೆಯವರ ಅಜಾಗರೂಕತೆಯಿಂದಲೇ ಬೆಂಕಿ ಹತ್ತಿಕೊಂಡಿತು. ಉರಿಯುವ ಛಾವಣಿ ಕುಸಿದು ಬಿದ್ದು ಮೂರ್ತಿ ಒಡೆದು ಚೂರಾಯಿತು.

ಆದರೆ ಅದಕ್ಕೆ ಎರಡು ವರ್ಷ ಮೊದಲೇ, ಆ ಮೂರ್ತಿಯ ಪ್ಲಾಸ್ಟರು ಸಾರ್ಟೋರಿಯ ಸಾಮಾನಿನ ಜೊತೆ ಪೊಸ್ಸಾನ್ಯೊ ಸೇರಿತ್ತು. 1970ರಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ರೊಮಾನೊ ವಿಯೊ ಎಂಬ ಇಟಲಿಯ ಶಿಲ್ಪಿ ಕೆತ್ತಿದ ಅಮೃತಶಿಲೆಯ ಮೂರ್ತಿಯನ್ನು ರಾಲಿಯಲ್ಲಿ ನಿಲ್ಲಿಸಿದರು. ಒಂದು ದೇಶದ ರಾಜ್ಯವೊಂದು ಕಳೆದುಕೊಂಡದ್ದನ್ನು ಸುಮಾರು 140 ವರ್ಷಗಳ ನಂತರ ಸಮುದ್ರದಾಚೆಯ ಹಳ್ಳಿಯೊಂದು ಮರಳಿ ಕೊಟ್ಟಿತು.

ಗುಂಡು ಬಿದ್ದ ಹಜಾರ

ಹಳ್ಳಿಗೂ ತನ್ನ ಸರದಿ ಬಂತು. ಮೊದಲ ಮಹಾಯುದ್ಧದಲ್ಲಿ, 1917ರ ಅಕ್ಟೋಬರಿನಲ್ಲಿ ಕಪೊರೆತ್ತೊ ಎಂಬಲ್ಲಿ ಇಟಲಿಯ ಸೈನ್ಯ ಸೋತು ಹಿಮ್ಮೆಟ್ಟಿ ಗ್ರಾಪ್ಪಾ ಬೆಟ್ಟದ ಮೇಲೂ ಪಿಯಾವೆ ನದಿಯ ದಡದಲ್ಲೂ ನಿಂತಿತು. ಬೆಟ್ಟದ ಬುಡದ ಪೊಸ್ಸಾನ್ಯೊ ಯುದ್ಧರಂಗದ ಅಂಚಿಗೇ ಬಂತು. ಆ ಡಿಸೆಂಬರಿನಲ್ಲಿ ಫಿರಂಗಿ ಗುಂಡುಗಳು ಜಿಪ್ಸೊಟೆಕಾದ ಮೇಲೆ ಬಿದ್ದವು. ಛಾವಣಿ ಹಾರಿತು. ಕೆಲವು ಮೂರ್ತಿಗಳು ಪುಡಿಯಾದವು. ಎಷ್ಟೋ ಮೂರ್ತಿಗಳ ತಲೆ, ತೋಳು, ಕಾಲು ಮುರಿದು ನೆಲಕ್ಕುರುಳಿದವು.

ಆಗ ಈ ಭಂಡಾರವನ್ನು ನೋಡಿಕೊಳ್ಳುತ್ತಿದ್ದವನು ಸ್ತೆಫಾನೊ ಸೆರಾಫಿನ್. ಅವನೂ ಅವನ ಮಗ ಸೀರೊನೂ ಸೇರಿ ಚೂರುಗಳನ್ನು ಆಯ್ದು ಕೂಡಿಸತೊಡಗಿದರು. ಮುರಿದ ಮೂರ್ತಿಗಳು ಇದ್ದ ಸ್ಥಿತಿಯಲ್ಲೇ ಫೋಟೊ ತೆಗೆದಿಟ್ಟರು. ಯಾವ ಬೆರಳು ಯಾವ ಕೈಯದು, ಯಾವ ಮಡಿಕೆ ಯಾವ ಸೀರಗದ್ದು ಎಂದು ಗುರುತಿಸಿ ಅಂಟಿಸುತ್ತಾ ಹೋದರು. 1922ರ ಹೊತ್ತಿಗೆ, ಕನೋವಾ ತೀರಿಕೊಂಡು ನೂರು ವರ್ಷವಾಗುವಾಗ, ಹಜಾರ ಮತ್ತೆ ಮೂರ್ತಿಗಳಿಂದ ತುಂಬಿತ್ತು. ಎರಡನೇ ಮಹಾಯುದ್ಧ ಬಂದಾಗ ಊರು ಪಾಠ ಕಲಿತಿತ್ತು. ಮೂರ್ತಿಗಳನ್ನು ಕನೋವಾ ಕಟ್ಟಿಸಿದ ಚರ್ಚಿನ ದಪ್ಪ ಗೋಡೆಗಳ ಒಳಗೆ ಸಾಗಿಸಿ ಕಾಪಾಡಿದರು. 1957ರಲ್ಲಿ, ಶಿಲ್ಪಿ ಹುಟ್ಟಿ ಇನ್ನೂರು ವರ್ಷವಾದಾಗ, ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ವಿನ್ಯಾಸ ಮಾಡಿದ ಹೊಸ ಭಾಗವೊಂದು ಸೇರಿಕೊಂಡಿತು.

ಯುದ್ಧದಲ್ಲಿ ತೋಳು ಕಳೆದುಕೊಂಡವರಲ್ಲಿ ತಾಳ ಹಿಡಿದ ನರ್ತಕಿಯ ಮೂರ್ತಿಯೂ ಒಂದು. ಅವಳ ಅಮೃತಶಿಲೆಯ ರೂಪ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಆ ಶಿಲೆಯನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿ, ಅದರ ಅಳತೆಯಂತೆ ಪ್ಲಾಸ್ಟರ್ ನರ್ತಕಿಗೆ ತೋಳುಗಳನ್ನು ಮರಳಿ ಜೋಡಿಸಿದರು. ಅಮೆರಿಕದಲ್ಲಿ ಶಿಲೆ ಹೋದಾಗ ಪ್ಲಾಸ್ಟರ್ ಅದನ್ನು ಮರಳಿಸಿತು. ಹಳ್ಳಿಯಲ್ಲಿ ಪ್ಲಾಸ್ಟರ್ ಮುರಿದಾಗ ಶಿಲೆ ಅದನ್ನು ಮರಳಿಸಿತು. ಎರಡು ಕಡೆಯೂ ಯಾರೋ ಜೋಪಾನ ಮಾಡಿದ್ದರಿಂದಲೇ ಇದು ಆಯಿತು.

ಜೋಪಾನ ಎಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವೂ ಅಲ್ಲ. 2020ರ ಬೇಸಿಗೆಯಲ್ಲಿ ಪ್ರವಾಸಿಯೊಬ್ಬರು ಫೋಟೊಗೆಂದು ಪಾವೊಲೀನಾಳ ಪ್ಲಾಸ್ಟರ್ ಮೂರ್ತಿಯ ಮೇಲೆ ಕುಳಿತರು; ಮೂರ್ತಿಯ ಕಾಲ್ಬೆರಳುಗಳು ಮುರಿದವು. ಕೊರೊನಾ ಕಾಲವಾದ್ದರಿಂದ ಬಂದವರ ವಿವರ ಬರೆದಿಟ್ಟುಕೊಂಡಿದ್ದರು. ಅದರಿಂದ ಆಳು ಪತ್ತೆಯಾಗಿ, ಕ್ಷಮೆ ಕೇಳಿ ಪತ್ರವೂ ಬಂತು. ಫಿರಂಗಿಗೂ ಸೆಲ್ಫಿಗೂ ಪ್ಲಾಸ್ಟರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಮ್ಮ ಶಾಲೆಯ ಉಗ್ರಾಣ

ಬಂಧುಗಳೇ, ಪೊಸ್ಸಾನ್ಯೊದ ಜನ ಉಳಿಸಿಕೊಂಡದ್ದು ಚಿನ್ನವನ್ನೇನಲ್ಲ. ಕೆಲಸಕ್ಕೆ ಬಳಸಿ ಬಿಟ್ಟ ಅಚ್ಚುಗಳು, ಸವೆದ ಉಳಿಗಳು, ಹಳೆಯ ಉಡುಪು, ಒಂದು ಮನೆ. ಅವು ಬೆಲೆಬಾಳುವಂಥವೆಂದು ಎಲ್ಲರಿಗೂ ತಿಳಿದದ್ದು ಆಮೇಲೆ. ಮೊದಲು ಒಬ್ಬ ತಮ್ಮ, ಆಮೇಲೆ ತಂದೆ ಮಗ ಇಬ್ಬರು ಕೆಲಸದವರು, ಇದು ನಮ್ಮದು, ಇರಲಿ ಎಂದುಕೊಂಡರು. ಅಷ್ಟೇ ಅದರ ಆರಂಭ.

ನಮ್ಮ ಶಾಲೆಯ ಹೆಂಚಿನ ಕಟ್ಟಡದ ಕೊನೆಯ ಕೋಣೆಯಲ್ಲಿಯೂ ಇಂಥ ಸಾಮಾನು ಇದೆ. ಐವತ್ತು ವರ್ಷಗಳ ದಾಖಲಾತಿ ಪುಸ್ತಕಗಳು, ಹಾಜರಿ ಪುಸ್ತಕಗಳು, ಬಟ್ಟೆ ಅಂಟಿಸಿದ ಭೂಪಟಗಳು, ಹಿಂದಿನ ಚಿತ್ರಕಲಾ ಮೇಷ್ಟ್ರು ಮಕ್ಕಳಿಂದ ಮಾಡಿಸಿದ ಜೇಡಿಮಣ್ಣಿನ ಮಾದರಿಗಳು, ಗಂಟೆಯಾಗಿ ದುಡಿದ ರೈಲು ಕಂಬಿಯ ತುಂಡು. ಹೊಸ ಕೊಠಡಿಗಳು ಬರಲಿವೆ, ಸಂತೋಷ. ಅದಕ್ಕಾಗಿ ಹಳೆಯದನ್ನು ಖಾಲಿ ಮಾಡುವಾಗ ಇವೆಲ್ಲ ರದ್ದಿ ಅಂಗಡಿ ಸೇರಬಾರದು. ಈ ಊರಿನಲ್ಲಿ ಓದಿದ ಮೊದಲ ಹೆಣ್ಣುಮಗಳು ಯಾರು, ಯಾವ ವರ್ಷದ ಬರಗಾಲದಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟು ಕೂಲಿಗೆ ಹೋದರು ಎಂಬುದನ್ನು ಬರೆದಿಟ್ಟ ಪುಸ್ತಕ ಲೋಕದಲ್ಲಿ ಅದೊಂದೇ. ಅದಕ್ಕೆ ಬರ್ಲಿನ್ನಿನಲ್ಲಿ ಇನ್ನೊಂದು ಪ್ರತಿ ಇಲ್ಲ.

ಸುವರ್ಣ ಮಹೋತ್ಸವ ಸಮಿತಿಯವರಲ್ಲೂ, ಮುಖ್ಯೋಪಾಧ್ಯಾಯರಲ್ಲೂ, ಎಸ್.ಡಿ.ಎಂ.ಸಿ.ಯ ಹಿರಿಯರಲ್ಲೂ ನನ್ನದೊಂದು ವಿನಂತಿ. ಹೊಸ ಕಟ್ಟಡದಲ್ಲಿ ಒಂದು ಕೋಣೆಯನ್ನು ಇವುಗಳಿಗೆ ಬಿಡಿ. ಗೆದ್ದಲು ಹತ್ತದ ಎರಡು ಕಬ್ಬಿಣದ ಬೀರು, ಏನೇನಿದೆ ಎಂದು ಬರೆದಿಡಲು ಒಂದು ಪುಸ್ತಕ, ಬೀಗದ ಕೈಗೆ ಜವಾಬ್ದಾರರಾದ ಒಬ್ಬ ಶಿಕ್ಷಕರು. ಸದ್ಯಕ್ಕೆ ಇಷ್ಟು ಸಾಕು. ಬೀರುಗಳ ಖರ್ಚನ್ನೂ, ಎಲ್ಲ ದಾಖಲಾತಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಕೊಡುವ ಕೆಲಸವನ್ನೂ ನಮ್ಮ ತಂಡದ ಗೆಳೆಯರು ವಹಿಸಿಕೊಳ್ಳುತ್ತೇವೆ. ಮುಂದಿನ ದಸರಾ ರಜೆಯಲ್ಲಿ ಬರುತ್ತೇವೆ. ಅಲ್ಲಿಯವರೆಗೆ ಆ ಕೋಣೆಯ ಹೆಂಚು ಸೋರದಂತೆ ನೋಡಿಕೊಳ್ಳಿ.